ಕುರ್ಚಿ ಅಕ್ಕನ ಕೊಠಡಿ

ವೇದಿಕೆಯನ್ನು ಅಲಂಕರಿಸಿರುವ ಸಭಾಧ್ಯಕ್ಷರೇ, ಅಂದರೆ ನಮ್ಮ ಪುರಸಭಾ ಕಚೇರಿಯ ಮುಖ್ಯಾಧಿಕಾರಿಗಳೇ. ಹನ್ನೊಂದಕ್ಕೆ ಬರುತ್ತೇನೆಂದು ಮಾತು ಕೊಟ್ಟು ಹನ್ನೆರಡೂವರೆಯಾದರೂ ದಾರಿಯಲ್ಲೇ ಇರುವ ಮುಖ್ಯ ಅತಿಥಿಗಳೇ, ತಾವು ಬಂದ ಮೇಲೆ ಈ ಸಂಬೋಧನೆಯನ್ನು ದಯವಿಟ್ಟು ಸ್ವೀಕರಿಸಬೇಕು. ಎಂಬತ್ತೆರಡನೇ ವಯಸ್ಸಿನಲ್ಲೂ ಕೋಲು ಹಿಡಿದು ಮಹಡಿ ಹತ್ತಿ ಬಂದಿರುವ ನಮ್ಮ ನಿವೃತ್ತ ವಿಚಾರಣಾಧಿಕಾರಿಗಳೇ. ಮುಂದಿನ ಸಾಲಿನಲ್ಲಿ ಕೂತಿರುವ ನನ್ನ ಗೆಳತಿಯ ತಂಗಿಯೇ. ಕುರ್ಚಿ ಸಿಕ್ಕಿ ಕೂತಿರುವ ಸಹೋದ್ಯೋಗಿಗಳೇ, ಕುರ್ಚಿ ಸಿಗದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ.

ಮೊದಲು ಕಚೇರಿಗೆ ಅಭಿನಂದನೆ ಹೇಳಿಬಿಡುತ್ತೇನೆ. ಬೆಳಿಗ್ಗೆ ಬರುವಾಗ ಗೇಟಿಗೆ ಅಂಟಿಸಿದ್ದ ಸೂಚನೆ ಓದಿದೆ. "ಸಾರ್ವಜನಿಕ ಸೇವೆಗೆ ಜೀವನವನ್ನೇ ಮುಡಿಪಾಗಿಟ್ಟಿದ್ದ ನೌಕರರೊಬ್ಬರ ಸ್ಮರಣಾರ್ಥ ಇಂದು ಸಾರ್ವಜನಿಕರಿಗೆ ಯಾವುದೇ ಸೇವೆ ಇರುವುದಿಲ್ಲ. ನಾಳೆ ಬನ್ನಿ." ಮೂವತ್ತು ವರ್ಷ ಈ ಕಚೇರಿಯಲ್ಲಿ ದುಡಿದವಳು ನಾನು. ಇಷ್ಟು ಚೊಕ್ಕವಾಗಿ ಯಾರೂ ಬರೆದದ್ದು ನೋಡಿಲ್ಲ. ಆ ಸೂಚನೆಯ ಮುಂದೆ ಹದಿನೈದು ಇಪ್ಪತ್ತು ಜನ ನಿಂತಿದ್ದರು. ಅವರನ್ನೇ ಒಳಗೆ ಕರೆದು ಸಭೆ ತುಂಬಿಸಿದ್ದೀರಿ. ಒಳ್ಳೆಯದೇ ಆಯಿತು.

ನಿರೂಪಕರು ನನ್ನ ಕೈಗೆ ಒಂದು ಚೀಟಿ ಕೊಟ್ಟಿದ್ದಾರೆ. "ಐದು ನಿಮಿಷ. ಹಿತಮಿತವಾಗಿ. ಒಳ್ಳೆಯ ನೆನಪು ಮಾತ್ರ." ಪ್ರಯತ್ನಿಸುತ್ತೇನೆ. ಆದರೆ ನಾನು ಈ ಕಚೇರಿಯವಳು. ಐದು ನಿಮಿಷದ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿದ ಅಭ್ಯಾಸ ನನಗಿಲ್ಲ.

ಇಲ್ಲಿ, ನನ್ನ ಎಡಗಡೆ, ಒಂದು ಮರದ ಕುರ್ಚಿ ಇದೆ. ಅದರ ಮೇಲೆ ನನ್ನ ಗೆಳತಿಯ ಫೋಟೋ ಇದೆ, ಫೋಟೋದ ಮುಂದೆ ಹೂವಿದೆ. ಕುರ್ಚಿಯ ಒಂದು ಕೈ ಮುರಿದು ತಂತಿಯಲ್ಲಿ ಬಿಗಿದದ್ದು ಹಿಂದಿನವರಿಗೂ ಕಾಣುತ್ತಿರಬಹುದು. ಊರಿನ ಅರ್ಧ ಜನ ಒಂದಲ್ಲ ಒಂದು ದಿನ ಈ ಕುರ್ಚಿಯಲ್ಲಿ ಕೂತವರೇ. ಅವಳ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇತ್ತು. ಎಲ್ಲರ ಬಾಯಲ್ಲೂ ಅವಳು ಕುರ್ಚಿ ಅಕ್ಕ. ಅಜ್ಜಂದಿರಿಗೂ ಅಕ್ಕ, ಮೊಮ್ಮಕ್ಕಳಿಗೂ ಅಕ್ಕ.

ಈ ಕುರ್ಚಿ ಇಲ್ಲಿಗೆ ಬಂದ ಕಥೆ ಹೊಸಬರಿಗೆ ಗೊತ್ತಿರಲಾರದು. ನಾವಿಬ್ಬರೂ ಕೆಲಸಕ್ಕೆ ಸೇರಿದ ವರ್ಷ ಅವಳನ್ನು ಆವಕ ವಿಭಾಗಕ್ಕೆ ಹಾಕಿದರು. ಜನ ಅರ್ಜಿ ತರುತ್ತಾರೆ, ಅದಕ್ಕೆ ಮೊಹರು ಹೊಡೆದು, ಸಂಖ್ಯೆ ಹಾಕಿ, ಅವರಿಗೊಂದು ಸ್ವೀಕೃತಿ ಚೀಟಿ ಕೊಡಬೇಕು. ಇಷ್ಟೇ ಕೆಲಸ. ಕಿಟಕಿಯ ಗಾಜಿನಲ್ಲಿ ಒಂದು ತೂತು. ಎತ್ತರದವರು ಅದಕ್ಕೆ ಬಗ್ಗಬೇಕು, ಗಿಡ್ಡ ಇರುವವರು ತುದಿಗಾಲಲ್ಲಿ ನಿಲ್ಲಬೇಕು. ಯಾರೊಬ್ಬರ ಎತ್ತರಕ್ಕೂ ಸರಿಹೋಗದ ಹಾಗೆ ಕೊರೆಯಬೇಕಾದರೆ ಎಂಥಾ ಎಂಜಿನಿಯರು ಬೇಕು, ಯೋಚಿಸಿ. ಒಂದು ದಿನ ಅವಳು ತಲೆಯೆತ್ತಿ ನೋಡುತ್ತಾಳೆ, ತೂತಿನಲ್ಲಿ ಮುಖವೇ ಇಲ್ಲ, ಬರೀ ಒಂದು ಕೈ, ಕೈಯಲ್ಲಿ ಅರ್ಜಿ. ಎದ್ದು ಬಗ್ಗಿ ನೋಡಿದರೆ ಕಾಲು ಊದಿದ ಒಬ್ಬ ಮುದುಕ, ನಿಂತು ನಿಂತು ಸಾಕಾಗಿ ನೆಲಕ್ಕೆ ಕೂತು, ಅಲ್ಲಿಂದಲೇ ಕೈ ಮೇಲೆ ಚಾಚಿದ್ದಾನೆ.

ಮಾರನೇ ದಿನ ಅವಳು ಮನೆಯಿಂದ ಈ ಕುರ್ಚಿ ತಂದಳು. ಬಸ್ಸಿನಲ್ಲಿ ತಂದಳು. ಕಂಡಕ್ಟರು "ಇದಕ್ಕೂ ಒಂದು ಟಿಕೆಟ್ ತಗೋಬೇಕಮ್ಮ" ಅಂದನಂತೆ. "ತಗೋತೀನಪ್ಪ, ಆದ್ರೆ ಇದಕ್ಕೂ ಒಂದು ಸೀಟು ಕೊಡು" ಅಂದಳಂತೆ. ಆಮೇಲೆ ಕಿಟಕಿಯ ಹೊರಗೆ, ಜನ ನಿಲ್ಲುವ ಕಡೆ, ಇದನ್ನಿಟ್ಟಳು.

ಕಚೇರಿ ಸುಮ್ಮನಿರುತ್ತದೆಯೇ? ಚರಂಡಿ ಕಟ್ಟಿಕೊಂಡಿದೆ ಅನ್ನುವ ಪತ್ರಕ್ಕೆ ಹನ್ನೊಂದು ತಿಂಗಳಿಗೆ ಉತ್ತರ ಬರೆಯುತ್ತಿದ್ದ ಕಚೇರಿ, ಕುರ್ಚಿ ಬಂದ ಮೂರನೇ ದಿನಕ್ಕೆ ನೋಟಿಸು ಕೊಟ್ಟಿತು. ಕಚೇರಿಯ ಆವರಣದಲ್ಲಿ ಅನಧಿಕೃತ ಪೀಠೋಪಕರಣ, ಕೂಡಲೇ ತೆರವುಗೊಳಿಸತಕ್ಕದ್ದು. ಅವಳು ಬಹಳ ವಿಧೇಯಳಾಗಿ ಉತ್ತರ ಬರೆದಳು. "ಕುರ್ಚಿಯನ್ನು ತೆರವುಗೊಳಿಸಲು ಸಿದ್ಧಳಿದ್ದೇನೆ. ಅದರಲ್ಲಿ ಈಗ ಕೂತಿರುವ ಹಿರಿಯರು ಎದ್ದ ತಕ್ಷಣ ತೆರವುಗೊಳಿಸುತ್ತೇನೆ." ಆ ಹಿರಿಯರು ಎದ್ದರು, ಇನ್ನೊಬ್ಬರು ಕೂತರು. ಅವರು ಎದ್ದರು, ಮತ್ತೊಬ್ಬರು ಕೂತರು. ಹೀಗೆ ಮೂವತ್ತು ವರ್ಷ ಈ ಕುರ್ಚಿ ಖಾಲಿಯಾಗಲೇ ಇಲ್ಲ. ನೋಟಿಸು ಇನ್ನೂ ಜಾರಿಯಲ್ಲಿದೆ ಅಂತ ಕಾಣುತ್ತದೆ, ಯಾರೂ ರದ್ದು ಮಾಡಿದ್ದು ನನಗೆ ಗೊತ್ತಿಲ್ಲ. ಅಂದರೆ ಮುಖ್ಯಾಧಿಕಾರಿಗಳೇ, ಇವತ್ತು ತಾವು ಹೂವಿಟ್ಟದ್ದು ಅನಧಿಕೃತ ಪೀಠೋಪಕರಣಕ್ಕೆ.

ಅವಳ ಇನ್ನೊಂದು ದುರಭ್ಯಾಸವನ್ನೂ ಹೇಳಬೇಕು. ನಮ್ಮ ಕಚೇರಿ ನಿಂತಿರುವುದು ಎರಡು ಪದಗಳ ಮೇಲೆ, "ನಾಳೆ ಬನ್ನಿ". ಕಂಬ ಬಿದ್ದರೂ ಕಟ್ಟಡ ನಿಲ್ಲಬಹುದು, ಈ ಎರಡು ಪದ ಬಿದ್ದರೆ ನಾವು ಯಾರೂ ಉಳಿಯುವುದಿಲ್ಲ. ಆ ಎರಡು ಪದ ಅವಳ ಬಾಯಲ್ಲಿ ಬರುತ್ತಲೇ ಇರಲಿಲ್ಲ. ಅದರ ಬದಲು "ಇಲ್ಲಿ ಕೂತ್ಕೊಳ್ಳಿ" ಅನ್ನುತ್ತಿದ್ದಳು. ಅರ್ಜಿ ಸರಿಯಿಲ್ಲವೇ, ಇಲ್ಲಿ ಕೂತ್ಕೊಳ್ಳಿ, ಬರೆದುಕೊಡ್ತೀನಿ. ಸಾಹೇಬರು ಇಲ್ಲವೇ, ಇಲ್ಲಿ ಕೂತ್ಕೊಳ್ಳಿ, ಎಲ್ಲಿದ್ದಾರೆ ನೋಡಿ ಬರ್ತೀನಿ. ನೋಡಿ ಬಂದೂ ಬಿಡುತ್ತಿದ್ದಳು. ನಮ್ಮ ಎಷ್ಟು ಜನ ಸಾಹೇಬರನ್ನು ಅವಳು ಕ್ಯಾಂಟೀನಿನಿಂದ ಎಬ್ಬಿಸಿಕೊಂಡು ಬಂದಿಲ್ಲ? ಇಂಥವಳನ್ನು ಇಟ್ಟುಕೊಂಡು ಒಂದು ಕಚೇರಿ ನೆಮ್ಮದಿಯಾಗಿ ನಡೆಯುವುದು ಹೇಗೆ, ನೀವೇ ಹೇಳಿ.

ಈಗ ಇವತ್ತಿನ ಕಾರ್ಯಕ್ರಮಕ್ಕೆ ಬರುತ್ತೇನೆ. ಈ ಸಭಾಂಗಣದ ಪಕ್ಕದಲ್ಲಿ ಜನ ಕಾಯುವುದಕ್ಕೆ ಹೊಸ ಕೊಠಡಿ ಕಟ್ಟಿಸಿದ್ದೀರಿ. ಮೂವತ್ತು ಉಕ್ಕಿನ ಕುರ್ಚಿಗಳು, ನೆಲಕ್ಕೆ ಬೋಲ್ಟು ಹಾಕಿ ಬಿಗಿದಿದ್ದೀರಿ. ಬಾಗಿಲ ಮೇಲೆ ಫಲಕ, ಫಲಕದ ಮೇಲೆ ಪರದೆ. ಎರಡು ತಿಂಗಳ ಹಿಂದೆ ಅವಳು ತೀರಿಕೊಂಡಾಗ ನಾನೂರು ಜನ ಸಹಿ ಹಾಕಿ ಒಂದು ಮನವಿ ಕೊಟ್ಟರು. ಆ ಕೊಠಡಿಗೆ "ಕುರ್ಚಿ ಅಕ್ಕನ ಕೊಠಡಿ" ಅಂತ ಹೆಸರಿಡಿ, ಬೇರೇನೂ ಬೇಡ ಅಂತ. ಕಚೇರಿಯಿಂದ ಉತ್ತರ ಬಂತು, ನಾನೇ ಓದಿದ್ದೇನೆ. "ಶಿಸ್ತುಕ್ರಮಕ್ಕೆ ಒಳಗಾದ ನೌಕರರ ಹೆಸರನ್ನು ಕಚೇರಿಯ ಯಾವುದೇ ಭಾಗಕ್ಕೆ ಇಡಲು ನಿಯಮದಲ್ಲಿ ಅವಕಾಶವಿರುವುದಿಲ್ಲ. ಸದರಿಯವರ ಸೇವಾ ಪುಸ್ತಕದಲ್ಲಿ ಒಂದು ಲೋಪ ದಾಖಲಾಗಿರುತ್ತದೆ." ಅದಕ್ಕೇ ಫಲಕದಲ್ಲಿ "ಕಾಯುವ ಕೊಠಡಿ ಸಂಖ್ಯೆ ಒಂದು" ಅಂತ ಬರೆಸಿದ್ದೀರಿ. ಪರದೆ ತೆಳುವಾಗಿದೆ, ಬರುವಾಗಲೇ ಕಂಡಿತು. ಸಂಖ್ಯೆ ಎರಡು ಎಲ್ಲಿದೆ ಅಂತ ಮಾತ್ರ ಗೊತ್ತಾಗಲಿಲ್ಲ.

ಆ ಒಂದು ಲೋಪ. ಅದರ ಬಗ್ಗೆ ಮಾತಾಡಲು ಈ ಸಭೆಯಲ್ಲಿ ನನಗಿಂತ ಅರ್ಹರು ಯಾರೂ ಇಲ್ಲ. ನಿಯಮ ನಿಯಮವೇ, ನಾನು ತಕರಾರು ತೆಗೆಯುವುದಿಲ್ಲ. ಲೋಪ ಏನು ಅಂತ ಮಾತ್ರ ಸಭಿಕರಿಗೆ ಗೊತ್ತಿರಲಿ.

ಇಪ್ಪತ್ತಾರು ವರ್ಷದ ಹಿಂದಿನ ಮಾತು. ಗುಡ್ಡದ ಬೀದಿಯ ಕೊನೆಯ ಆರು ಮನೆಗಳಿಗೆ ನಲ್ಲಿ ಇರಲಿಲ್ಲ. ಅಲ್ಲಿಯ ಹೆಂಗಸರು ಕೆಳಗಿನ ಬೋರ್‌ವೆಲ್‌ನಿಂದ ಕೊಡ ಹೊತ್ತು ಹತ್ತುತ್ತಿದ್ದರು. ಅವರ ಪೈಕಿ ಒಬ್ಬರು ಹೊಲಿಗೆ ಕೆಲಸದವರು. ಎಲ್ಲರೂ ಅವರನ್ನು ಹೊಲಿಗೆಯಮ್ಮ ಅಂತಲೇ ಕರೆಯುತ್ತಿದ್ದರು. ಮೂರನೇ ಸಾಲಿನಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದಾರೆ ನೋಡಿ, ಅವರೇ. ಆರು ಮನೆಯವರ ಪರವಾಗಿ ಅವರು ಒಂದು ಅರ್ಜಿ ತಂದರು. ಅರ್ಜಿ, ಬೀದಿಯ ನಕ್ಷೆ, ಹನ್ನೊಂದು ಜನರ ಸಹಿ, ಮನೆ ಮನೆಯ ಕಾಗದಪತ್ರ. ಕುರ್ಚಿ ಅಕ್ಕ ಅವರನ್ನು ಕೂರಿಸಿದಳು, ಎಲ್ಲ ಜೋಡಿಸಿ ದಾರ ಕಟ್ಟಿದಳು, ಸಂಖ್ಯೆ ಹಾಕಿದಳು, ಸ್ವೀಕೃತಿ ಕೊಟ್ಟಳು. ಹೊಸ ಪೈಪು ಯಾವ ಯಾವ ಬೀದಿಗೆ ಅಂತ ಪಟ್ಟಿ ತಯಾರಾಗುವ ತಿಂಗಳು ಅದು. ಅರ್ಜಿ ನೀರು ಸರಬರಾಜು ವಿಭಾಗಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ಅಥವಾ ಹೋಯಿತು, ಕಾಣಲಿಲ್ಲ. ಪೈಪು ಬೇರೆ ಬೀದಿಗೆ ಹೋಯಿತು. ಹೊಲಿಗೆಯಮ್ಮ ಸ್ವೀಕೃತಿ ಚೀಟಿ ಹಿಡಿದು ಬಂದು ನಮ್ಮ ಸಾಹೇಬರ ಮುಂದೆ ನಿಂತು, "ಈ ಚೀಟಿ ಹಿಂಡಿದ್ರೆ ನೀರು ಬರುತ್ತೇನ್ರೀ?" ಅಂತ ಕೇಳಿದರು. ಉತ್ತರ ಕೊಡುವ ಬದಲು ಸಾಹೇಬರು ವಿಚಾರಣೆ ಮಾಡಿಸಿದರು.

ನೀರು ಸರಬರಾಜು ವಿಭಾಗದಲ್ಲಿ ಅರ್ಜಿ ತೆಗೆದುಕೊಳ್ಳುವ ಗುಮಾಸ್ತೆ ಆಗ ಯಾರು ಗೊತ್ತೇ? ನಾನು.

ನಿಯಮದ ಪ್ರಕಾರ ಒಂದು ವಿಭಾಗದಿಂದ ಇನ್ನೊಂದಕ್ಕೆ ಕಾಗದ ಹೋಗುವಾಗ ಟಪಾಲು ಪುಸ್ತಕದಲ್ಲಿ ತೆಗೆದುಕೊಂಡವರ ಸಹಿ ಬೇಕು. ಎಲ್ಲರ ಹತ್ತಿರವೂ ಅವಳು ಸಹಿ ತಗೊಳ್ಳುತ್ತಿದ್ದಳು, ನನ್ನೊಬ್ಬಳನ್ನು ಬಿಟ್ಟು. ನಾವು ಆರನೇ ವಯಸ್ಸಿನಿಂದ ಒಂದೇ ಬೆಂಚಿನವರು. ಟೈಪಿಂಗ್ ಕ್ಲಾಸಿಗೆ ಒಟ್ಟಿಗೆ ಹೋದವರು, ಕೆಲಸಕ್ಕೆ ಒಂದೇ ದಿನ ಸೇರಿದವರು. ನನ್ನ ಮಗಳು ಮೊದಲು ಹೆಜ್ಜೆ ಇಟ್ಟದ್ದು ಅವಳ ಮನೆಯ ಜಗುಲಿಯಲ್ಲಿ. ಅವಳು ಕಾಗದ ತಂದು ನನ್ನ ಮೇಜಿನ ಮೇಲೆ ಹಾಕುತ್ತಿದ್ದಳು, "ತಗೊಳೇ" ಅನ್ನುತ್ತಿದ್ದಳು. ನಾನು "ಇಡೇ" ಅನ್ನುತ್ತಿದ್ದೆ. ನಮ್ಮಿಬ್ಬರ ನಡುವೆ ಸಹಿ ಎಂಥದ್ದು?

ವಿಚಾರಣಾಧಿಕಾರಿಗಳೇ, ತಮಗೆ ಆ ದಿನ ನೆನಪಿರಬಹುದು. ತಾವು ನನ್ನನ್ನು ಕೇಳಿದಿರಿ, "ಈ ಅರ್ಜಿ ನಿಮ್ಮ ಕೈಗೆ ಬಂತೇ?" ನಾನು ಹೇಳಿದೆ, "ಬಂದಿದ್ದರೆ ಟಪಾಲು ಪುಸ್ತಕದಲ್ಲಿ ನನ್ನ ಸಹಿ ಇರಬೇಕಲ್ಲ ಸರ್." ತಾವು ತಲೆದೂಗಿದಿರಿ. "ಬಹಳ ಸ್ಪಷ್ಟವಾದ ಉತ್ತರ" ಅಂದಿರಿ. ಬಂತೋ ಇಲ್ಲವೋ ಅನ್ನುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ಅದರಲ್ಲಿ ಸ್ಪಷ್ಟವಾಗಿತ್ತು. ಆಮೇಲೆ ಅವಳನ್ನು ಕೇಳಿದಿರಿ, ಏನಾದರೂ ಹೇಳುವುದಿದೆಯೇ ಅಂತ. ಅವಳು ನನ್ನ ಮುಖ ನೋಡಿದಳು. "ನಾನು ಕೊಟ್ಟೆ ಸರ್. ಸಹಿ ತಗೊಳ್ಳಲಿಲ್ಲ. ಅದು ನನ್ನ ತಪ್ಪೇ" ಅಂದಳು. ತಾವು ಆ ಕೊನೆಯ ಮಾತನ್ನು ಮಾತ್ರ ಬರೆದುಕೊಂಡಿರಿ.

ಆಗ ನನಗೆ ನಿಜವಾಗಿಯೂ ನೆನಪಿರಲಿಲ್ಲ. ದಿನಕ್ಕೆ ಎಪ್ಪತ್ತು ಕಾಗದ ಬರುತ್ತಿದ್ದವು. ಡ್ರಾಯರೆಲ್ಲ ಹುಡುಕಿದ್ದೆ, ಕಪಾಟಿನ ಹಿಂದೆಯೂ ನೋಡಿದ್ದೆ. ಸಿಕ್ಕಿರಲಿಲ್ಲ. ಆದರೆ "ನೆನಪಿಲ್ಲ, ಬಂದಿರಲೂಬಹುದು" ಅಂತ ಹೇಳಬಹುದಿತ್ತಲ್ಲ? ಹೇಳಲಿಲ್ಲ. ಯಾಕೆ ಅಂದರೆ ಆ ವರ್ಷ ಮೇಲ್ವಿಚಾರಕರ ಹುದ್ದೆ ಒಂದು ಖಾಲಿ ಇತ್ತು. ಸರದಿಯಲ್ಲಿದ್ದದ್ದು ಇಬ್ಬರೇ, ಅವಳು ಮತ್ತು ನಾನು.

ಅವಳ ಬಡ್ತಿಯನ್ನು ಕಾಯಂ ತಡೆಹಿಡಿದರು. ಮೆಟ್ಟಿಲ ಕೆಳಗಿನ ಸಂದಿಗೆ ವರ್ಗ ಮಾಡಿದರು. ಅಲ್ಲಿ ಚಾವಣಿ ಓರೆಯಾಗಿತ್ತು, ಮೊದಲ ತಿಂಗಳು ದಿನಕ್ಕೊಂದು ಸಲ ಅವಳ ತಲೆಗೆ ಬಡಿಯುತ್ತಿತ್ತು. ಅವಳು ಕುರ್ಚಿಯನ್ನೂ ಜೊತೆಗೆ ಎಳೆದುಕೊಂಡು ಹೋದಳು. ಜನ ಹುಡುಕಿಕೊಂಡು ಅಲ್ಲಿಗೇ ಹೋದರು. ಸಾಲು ಗೇಟಿನ ತನಕ ಬೆಳೆಯಿತು. ಶಿಕ್ಷೆಗೆ ಅಂತ ಕೊಟ್ಟ ಜಾಗದಲ್ಲಿ ಜಾತ್ರೆಯ ಹಾಗೆ ಜನ ಸೇರಿದರೆ ಶಿಕ್ಷೆಯ ಮಾನ ಏನಾಗಬೇಕು? ನಮ್ಮ ಸಾಹೇಬರಿಗೆ ಬಹಳ ಬೇಸರವಾಯಿತು. ಅವಳು ಆ ಸಂದಿಯಲ್ಲಿ ಕೂತು ಗುಡ್ಡದ ಬೀದಿಗೆ ಹೊಸದಾಗಿ ಅರ್ಜಿ ಬರೆದಳು, ತಾನೇ ಹೊತ್ತುಕೊಂಡು ವಿಭಾಗದಿಂದ ವಿಭಾಗಕ್ಕೆ ತಿರುಗಿದಳು. ನಾಲ್ಕು ವರ್ಷ ಬಿಟ್ಟು ಆರು ಮನೆಗೂ ನೀರು ಬಂತು.

ನಾನು ಮೇಲ್ವಿಚಾರಕಿಯಾದೆ. ಅವಳ ಮೇಲಧಿಕಾರಿಯೂ ನಾನೇ. ಪ್ರತಿ ವರ್ಷ ಅವಳ ಕೆಲಸದ ಬಗ್ಗೆ ವರದಿ ಬರೆಯುವುದು ನನ್ನ ಜವಾಬ್ದಾರಿ. ಪ್ರತಿ ವರ್ಷ ಬರೆದೆ, ಬಹಳ ನಿಷ್ಠೆಯಿಂದ. "ಹಿಂದಿನ ಒಂದು ಲೋಪ ಹೊರತುಪಡಿಸಿ ತೃಪ್ತಿಕರ." ಇಪ್ಪತ್ತೆರಡು ವರ್ಷ ಒಂದೇ ವಾಕ್ಯ. ಒಂದು ಅಲ್ಪವಿರಾಮವೂ ಹೆಚ್ಚುಕಡಿಮೆ ಆಗಲಿಲ್ಲ. ವರದಿ ಬರೆಯುವುದರಲ್ಲಿ ನನ್ನನ್ನು ಮೀರಿಸಿದವರಿಲ್ಲ ಅಂತ ಬೀಳ್ಕೊಡುಗೆಯಲ್ಲಿ ನನಗೊಂದು ಫಲಕ ಬೇರೆ ಕೊಟ್ಟಿರಿ. ಮನೆಯಲ್ಲಿದೆ, ಅದರ ಮೇಲೆ ಹಾಲಿನ ಪಾತ್ರೆ ಇಡುತ್ತೇನೆ.

ನಿರೂಪಕರು ಗಡಿಯಾರ ತೋರಿಸುತ್ತಿದ್ದಾರೆ. ಕಾಣುತ್ತಿದೆ ಸರ್. ಇನ್ನು ಸ್ವಲ್ಪ ಹೊತ್ತು.

ಆ ಇಪ್ಪತ್ತೆರಡು ವರ್ಷವೂ ಅವಳಿಗೊಂದು ವಿಚಿತ್ರ ಅಭ್ಯಾಸ ಇತ್ತು. ವರದಿಗೆ ಸಹಿ ಹಾಕಲು ಅವಳನ್ನು ಕರೆಯುತ್ತಿದ್ದೆ. ಬರುತ್ತಿದ್ದಳು, ಓದುತ್ತಿದ್ದಳು, ಸಹಿ ಹಾಕುತ್ತಿದ್ದಳು. ಹೋಗುವಾಗ ನನ್ನ ಮೇಜಿನ ಮೇಲೆ ಅಂಗೈ ಇಟ್ಟು ಸ್ವಲ್ಪ ಒತ್ತಿ ಕೇಳುತ್ತಿದ್ದಳು, "ನಿನ್ನ ಮೇಜು ಈಗ ಹೇಗಿದೆಯೇ? ಅಲ್ಲಾಡುತ್ತಾ?" ನಾನು "ಇಲ್ಲಪ್ಪ, ಗಟ್ಟಿಯಾಗಿದೆ" ಅನ್ನುತ್ತಿದ್ದೆ. "ಒಳ್ಳೇದಾಯ್ತು" ಅಂದು ಹೋಗುತ್ತಿದ್ದಳು. ಮೇಲ್ವಿಚಾರಕಿಗೆ ಹೊಸ ಮೇಜು ಕೊಟ್ಟಿದ್ದರು, ಅಲ್ಲಾಡುವ ಪ್ರಶ್ನೆಯೇ ಇರಲಿಲ್ಲ.

ಅಲ್ಲಾಡುತ್ತಿದ್ದದ್ದು ಹಳೆಯ ಮೇಜು. ನೀರು ಸರಬರಾಜು ವಿಭಾಗದ ಮೇಜು. ಅದರ ಒಂದು ಕಾಲು ಗಿಡ್ಡ. ಮೊಹರು ಹೊಡೆದರೆ ಇಡೀ ಮೇಜು ಕುಣಿಯುತ್ತಿತ್ತು. ಒಂದು ದಿನ ಟೀ ಲೋಟ ಉರುಳಿ ನನ್ನ ಮಡಿಲೆಲ್ಲ ಸುಟ್ಟಿತು. ಸಿಟ್ಟು ಬಂತು. ಮೇಜಿನ ಮೇಲಿದ್ದ ಕಾಗದಗಳಲ್ಲಿ ದಪ್ಪಗೆ ಕೈಗೆ ಸಿಕ್ಕಿದ್ದೊಂದನ್ನು ಎಳೆದು, ನಾಲ್ಕಾಗಿ ಮಡಚಿ, ಗಿಡ್ಡ ಕಾಲಿನ ಕೆಳಗೆ ತುರುಕಿದೆ. ಸಂಜೆ ತೆಗೆದರಾಯಿತು ಅಂದುಕೊಂಡೆ. ಅರ್ಜಿ, ನಕ್ಷೆ, ಹನ್ನೊಂದು ಸಹಿ, ಆರು ಮನೆಯ ಕಾಗದಪತ್ರ. ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು.

ಹೊಲಿಗೆಯಮ್ಮ, ನೀವು ಎದ್ದು ಬಂದು ಬಯ್ದರೂ ನಾನು ಕೇಳಿಸಿಕೊಳ್ಳುತ್ತೇನೆ.

ವಿಚಾರಣೆಯ ದಿನ ನನ್ನ ಹೇಳಿಕೆಯನ್ನು ಅದೇ ಮೇಜಿನ ಮೇಲಿಟ್ಟು ಬರೆದೆ. ಅಕ್ಷರ ಬಹಳ ದುಂಡಗೆ ಬಂದಿದೆ, ಬೇಕಾದರೆ ಕಡತ ತೆಗೆದು ನೋಡಿ. ಮೇಜು ಸ್ವಲ್ಪವೂ ಅಲ್ಲಾಡುತ್ತಿರಲಿಲ್ಲ.

ಅರ್ಜಿ ನನಗೆ ಸಿಕ್ಕಿದ್ದು ಹತ್ತು ತಿಂಗಳ ಮೇಲೆ, ಗೋಡೆಗೆ ಬಣ್ಣ ಹೊಡೆಯುವವರು ಮೇಜು ಎತ್ತಿದಾಗ. ಅವಳಿಗೆ ಶಿಕ್ಷೆಯಾಗಿತ್ತು. ನನಗೆ ಬಡ್ತಿಯ ಆದೇಶ ಹಿಂದಿನ ವಾರವಷ್ಟೇ ಬಂದಿತ್ತು. ಮಡಚಿದ ಕಾಗದ ಬಿಚ್ಚಿದೆ. ಮೇಲೆ ಅವಳ ಕೈಬರಹದಲ್ಲಿ ಆವಕ ಸಂಖ್ಯೆ, ನಡುವೆ ಮೇಜಿನ ಕಾಲಿನ ಚೌಕದ ಗುರುತು. ಕೊಡೋಣ ಅಂದುಕೊಂಡೆ, ಖಂಡಿತ ಕೊಡೋಣ, ಇವತ್ತು ಬೇಡ, ನಾಳೆ. ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದೆ. ಆ ದಿನವೇ ಕೊಟ್ಟಿದ್ದರೆ ಆ ಮೊದಲ ಅರ್ಜಿಯ ತಾರೀಖಿನ ಆಧಾರದ ಮೇಲೆ ಆ ಮನೆಗಳಿಗೆ ಕೂಡಲೇ ಪೈಪು ಹಾಕಬೇಕಾಗುತ್ತಿತ್ತು. ಅವರು ಇನ್ನೂ ಮೂರು ವರ್ಷ ಕೊಡ ಹೊತ್ತರು. ಈ ಕಚೇರಿ ಜನರಿಗೆ ನಾಳೆ ಬನ್ನಿ ಅನ್ನುತ್ತದೆ ಅಂತ ಇಷ್ಟು ಹೊತ್ತು ಆಡಿಕೊಂಡೆನಲ್ಲ, ಇಪ್ಪತ್ತೈದು ವರ್ಷ ಒಂದೇ ಅರ್ಜಿಗೆ ನಾಳೆ ಬಾ ಅಂದವಳು ನಿಮ್ಮೆದುರು ನಿಂತಿದ್ದಾಳೆ. ಆ ದಾಖಲೆಯನ್ನು ವೇದಿಕೆಯ ಮೇಲಿನ ಯಾರೂ ಮುರಿಯಲಾರರು.

ಬಣ್ಣ ಹೊಡೆದು ಮುಗಿದ ಮಾರನೇ ದಿನ ಅವಳು ಕಾಗದ ಕೊಡಲು ಬಂದಳು. ಆಗಲೂ ನನ್ನ ಹತ್ತಿರ ಸಹಿ ಕೇಳುತ್ತಿರಲಿಲ್ಲ. ಕಾಗದ ಇಟ್ಟಳು, ಮೇಜು ಕುಣಿಯಿತು. ಅವಳು ಮೇಜಿನ ಕಾಲು ನೋಡಿದಳು, ಅದರ ಕೆಳಗೆ ಇಷ್ಟು ದಿನ ಇದ್ದ ಮಡಚಿದ ಕಾಗದ ಇರಲಿಲ್ಲ. ನನ್ನ ಮುಖ ನೋಡಿದಳು. "ಮತ್ತೆ ಅಲ್ಲಾಡ್ತಿದೆಯಲ್ಲೇ" ಅಂದಳು. ಅಷ್ಟೇ ಅಂದು ಹೋದಳು. ಅವತ್ತಿನಿಂದ ಶುರುವಾಯಿತು ವರ್ಷಕ್ಕೊಮ್ಮೆ ಮೇಜಿನ ಕ್ಷೇಮಸಮಾಚಾರ. ನಾನು ಅದನ್ನು ತಮಾಷೆ ಅಂದುಕೊಂಡೆ, ಅಥವಾ ಅಂದುಕೊಳ್ಳಲು ಬಹಳ ಶ್ರಮಪಟ್ಟೆ.

ಎರಡು ತಿಂಗಳ ಹಿಂದೆ ಆಸ್ಪತ್ರೆಗೆ ಹೋಗಿದ್ದೆ. ಮಧ್ಯಾಹ್ನ, ನೋಡುವವರನ್ನು ಬಿಡುವ ಹೊತ್ತು. ಅವಳ ತಂಗಿ ಔಷಧಿ ತರಲು ಕೆಳಗೆ ಹೋಗಿದ್ದಳು. ಮಂಚದ ಪಕ್ಕ ಕುರ್ಚಿ ಇತ್ತು. "ಕೂತ್ಕೊಳೇ" ಅಂದಳು. "ಇಲ್ಲ, ಹೊರಡ್ತೀನಿ, ಬಸ್ಸಿದೆ" ಅಂದೆ. ನಾನು ಕೂರಲಿಲ್ಲ.

"ನಿನ್ನ ಮೇಜು ಹೇಗಿದೆಯೇ?" ಅಂದಳು.

"ನಿವೃತ್ತಿಯಾಗಿ ನಾಲ್ಕು ವರ್ಷ ಆಯ್ತು. ಯಾವ ಮೇಜು?" ಅಂದೆ.

"ಅದೇ ಕಣೇ, ಕಾಲು ಗಿಡ್ಡ ಇದ್ದದ್ದು." ಸ್ವಲ್ಪ ಉಸಿರು ತಗೊಂಡು ಕೇಳಿದಳು, "ಇಟ್ಕೊಂಡಿದೀಯಾ, ಹರಿದು ಹಾಕಿದ್ಯಾ?"

"ಇಟ್ಕೊಂಡಿದೀನಿ" ಅಂದೆ.

"ಸದ್ಯ. ಹರಿದಿದ್ರೆ ಬೇಜಾರಾಗ್ತಿತ್ತು. ಸಂಖ್ಯೆ ಹಾಕಿರೋ ಕಾಗದ ಅದು."

"ಯಾಕೆ ಯಾರಿಗೂ ಹೇಳ್ಲಿಲ್ಲ ನೀನು?"

"ನೀನೇ ಹೇಳ್ತೀಯ ಅಂತ ಕಾದೆ ಕಣೇ" ಅಂದಳು. "ಬೇರೆಯವರನ್ನ ಕೂರಿಸಿ ಅಭ್ಯಾಸ ನಂಗೆ. ಕಾಯೋದು ಇಷ್ಟು ಕಷ್ಟ ಅಂತ ಗೊತ್ತಿರ್ಲಿಲ್ಲ."

ಕ್ಷಮೆ ಕೇಳಬೇಕಿತ್ತು. ಅಷ್ಟರಲ್ಲಿ ನರ್ಸು ಬಂದು ಟೈಮಾಯ್ತು ಅಂದಳು. ನಾನು ಏನಂದೆ ಗೊತ್ತೇ ಸಭಿಕರೇ? "ನಾಳೆ ಬರ್ತೀನಿ ಕಣೇ" ಅಂದೆ. ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. ಬೆಳಗಾಗುವಷ್ಟರಲ್ಲಿ ಅವಳು ಇರಲಿಲ್ಲ.

ಅವಳು ಅದನ್ನು ಹೊಟ್ಟೆಗೆ ಹಾಕಿಕೊಂಡಳು. ದೊಡ್ಡ ಮನಸ್ಸು ಅಂತ ನೀವು ಅನ್ನಬಹುದು. ನನಗೆ ಅದರ ಮೇಲೆ ಸಿಟ್ಟೂ ಇದೆ. ಒಂದು ಸಲ ಎಲ್ಲರೆದುರು ನನ್ನ ಜುಟ್ಟು ಹಿಡಿದು ಕೇಳಿದ್ದರೆ ನಾನು ಇಷ್ಟು ಹಾಳಾಗುತ್ತಿರಲಿಲ್ಲ. ಆದರೆ ಅದೂ ಅವಳ ತಪ್ಪೇ ಅಂತ ಹೇಳಹೊರಟಿದ್ದೇನಲ್ಲ, ನೋಡಿ, ಅಭ್ಯಾಸ ಹೇಗೆ ಬಿಡುವುದಿಲ್ಲ.

ಭಾಷಣ ಮುಗಿಯಿತು. ಇನ್ನು ಸ್ವಲ್ಪ ಕಚೇರಿಯ ಕೆಲಸ ಇದೆ. ನನ್ನ ಕೈಯಲ್ಲಿರುವುದು ಆ ಅರ್ಜಿ. ಚೌಕದ ಗುರುತು ಇಲ್ಲಿಂದಲೇ ಕಾಣಬಹುದು. ಇದರ ಜೊತೆಗೆ ನನ್ನದೊಂದು ಅರ್ಜಿ ಲಗತ್ತಿಸಿದ್ದೇನೆ. ಇಪ್ಪತ್ತಾರು ವರ್ಷದ ಹಿಂದಿನ ಲೋಪ ನನ್ನದು, ಅವಳದಲ್ಲ. ಅವಳ ಸೇವಾ ಪುಸ್ತಕದಿಂದ ಅದನ್ನು ಹೊಡೆದುಹಾಕಿ ನನ್ನ ಪುಸ್ತಕದಲ್ಲಿ ಬರೆಯಬೇಕು. ಆಮೇಲೆ ಆ ನಾನೂರು ಜನರ ಮನವಿಯನ್ನು ಇನ್ನೊಮ್ಮೆ ಓದಬೇಕು. ನನ್ನ ಮೇಲೆ ಏನು ಕ್ರಮ ತಗೊಂಡರೂ ತಗೊಳ್ಳಿ. ನಿವೃತ್ತರ ಮೇಲೆ ಕ್ರಮಕ್ಕೆ ನಿಯಮ ಇಲ್ಲ ಅಂತ ಹೇಳಬೇಡಿ, ನಿಯಮ ನನಗೂ ಗೊತ್ತು, ಇದೆ.

ಈಗಿನ ಆವಕ ವಿಭಾಗದ ಗುಮಾಸ್ತರು ನಾಲ್ಕನೇ ಸಾಲಿನಲ್ಲಿದ್ದಾರೆ. ಸರ್, ಮೊಹರು ನಿಮ್ಮ ಮೇಜಿನಲ್ಲೇ ಇರಬೇಕು, ಕಾರಿಡಾರು ದಾಟಿದರೆ ಸಿಗುತ್ತದೆ. ದಯವಿಟ್ಟು ಸಂಖ್ಯೆ ಹಾಕಿ ನನಗೊಂದು ಸ್ವೀಕೃತಿ ಕೊಡಿ. ಟಪಾಲು ಪುಸ್ತಕವನ್ನೂ ತನ್ನಿ. ಯಾರ ಕೈಗೆ ಕೊಡುತ್ತೀರೋ ಅವರ ಸಹಿ ತಗೊಳ್ಳಿ, ಎಷ್ಟೇ ಹತ್ತಿರದವರಾದರೂ ತಗೊಳ್ಳಿ.

ಇವತ್ತು ಸೇವೆ ಇಲ್ಲ ಅಂತ ಗೇಟಿನಲ್ಲಿ ಬರೆದಿದೆ, ಓದಿದ್ದೇನೆ. ಅವಸರವಿಲ್ಲ, ಕಾಯುತ್ತೇನೆ. ಈ ಫೋಟೋವನ್ನು ಸ್ವಲ್ಪ ಹೊತ್ತು ಮೇಜಿನ ಮೇಲಿಡುತ್ತೇನೆ. ಅವಳ ತಂಗಿಯ ಅಪ್ಪಣೆ ಬೇಕು. ತಲೆಯಾಡಿಸಿದರು, ಸರಿ. ಕುರ್ಚಿ ಬಿಟ್ಟುಕೊಡಲು ಅವಳು ಯಾವತ್ತೂ ಬೇಜಾರು ಮಾಡಿಕೊಂಡವಳಲ್ಲ. ಕೂತ್ಕೊಳೇ ಅಂದಿದ್ದಳು. ಎರಡು ತಿಂಗಳು ತಡವಾಗಿ ಕೂರುತ್ತಿದ್ದೇನೆ.

ಮಾತಾಡಲು ಕರೆದ ಮುಖ್ಯಾಧಿಕಾರಿಗಳಿಗೆ, ಐದು ನಿಮಿಷದ ಲೆಕ್ಕ ಬಿಟ್ಟುಕೊಟ್ಟ ನಿರೂಪಕರಿಗೆ, ಇಷ್ಟು ಹೊತ್ತು ಕೂತು, ನಿಂತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆ. ಹೊಲಿಗೆಯಮ್ಮ, ನಿಮಗೆ ಕೃತಜ್ಞತೆ ಅಲ್ಲ, ಕ್ಷಮೆ. ಸ್ವೀಕೃತಿ ಚೀಟಿ ಕೈಗೆ ಬರುವ ತನಕ ನಾನು ಇಲ್ಲೇ ಕೂತಿರುತ್ತೇನೆ. ನಮಸ್ಕಾರ.